ಏಳು ಆಟಗಾರರ ಸೀರೆ

ನನ್ನ ಅವ್ವ ಒಂದು ಬುಧವಾರ ಬೆಳಿಗ್ಗೆ ಇಡೀ ಕಬಡ್ಡಿ ತಂಡವನ್ನು ಉಟ್ಟುಕೊಂಡು ಹಿಟ್ಟಿನ ಗಿರಣಿಗೆ ಹೋದಳು. ಇದನ್ನು ಯಾರಿಗಾದರೂ ಹೇಳಿದರೆ ಮೊದಲು ನಗುತ್ತಾರೆ, ಆಮೇಲೆ ನನ್ನ ಮುಖ ನೋಡಿ ನಂಬುತ್ತಾರೆ. ನಾನು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣದ ಟೀಚರು. ಕೊರಳಲ್ಲಿ ಸದಾ ಸೀಟಿ ತೂಗುವ ಹೆಂಗಸು ಸುಳ್ಳು ಹೇಳುವುದಿಲ್ಲ ಎಂದು ಜನರಿಗೆ ಯಾಕೋ ಒಂದು ನಂಬಿಕೆ.

ನಮ್ಮ ಮನೆ ಬನಹಟ್ಟಿಯಲ್ಲಿ, ನನ್ನ ಶಾಲೆ ಮುಧೋಳದಲ್ಲಿ. ಅಪ್ಪ ಕೈಮಗ್ಗದವನು. ನಮ್ಮ ಓಣಿಯ ಉಳಿದ ಮನೆಗಳೆಲ್ಲ ವಿದ್ಯುತ್ ಮಗ್ಗ ಹಾಕಿಕೊಂಡು ಎಷ್ಟೋ ವರ್ಷಗಳಾದವು. ಅಪ್ಪ ಮಾತ್ರ ಹಾಕಲಿಲ್ಲ. ನೋಡಲು ಬಂದವರು ಇದನ್ನು ಪರಂಪರೆಯ ಮೇಲಿನ ಪ್ರೀತಿ ಎಂದು ಬರೆದುಕೊಂಡು ಹೋಗುತ್ತಾರೆ. ನಿಜವೆಂದರೆ ಆ ಮಗ್ಗದ ಸದ್ದಿಗೆ ಅವನಿಗೆ ತಲೆಶೂಲೆ ಬರುತ್ತದೆ. ಹೊಸ ಡಿಸೈನ್ ಬರೆಯುವುದು ಅವನ ಚಟ. ಚೌಕದ ಹಾಳೆಯ ಮೇಲೆ ಪೆನ್ಸಿಲಿನಿಂದ ಒಂದೊಂದೇ ಚೌಕ ತುಂಬುತ್ತ ಕೂತರೆ ಊಟದ ನೆನಪಿರುವುದಿಲ್ಲ. ಅವ್ವ ಕರೆದು ಕರೆದು ಸಾಕಾಗಿ ತಾಟನ್ನು ಆ ಹಾಳೆಯ ಮೇಲೆಯೇ ಇಡುತ್ತಾಳೆ. ಒಂದೆರಡು ಡಿಸೈನಿನಲ್ಲಿ ಪುಂಡಿಪಲ್ಲೆಯ ಕಲೆ ಹೂವಾಗಿ ಸೇರಿಹೋಗಿದೆ ಎಂದು ನನ್ನ ಗುಮಾನಿ.

ಹೊಸ ಡಿಸೈನಿನ ಮೊದಲ ಸೀರೆ ಮಗ್ಗದಿಂದ ಇಳಿದಾಗ ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಬೇರೆ ಯಾರ ಕೈಗೂ ಹೋಗುವ ಮೊದಲು ಮನೆಯ ಹೆಂಗಸು ಅದನ್ನು ಒಂದು ದಿನ ಉಡಬೇಕು. ಉಟ್ಟುಕೊಂಡೇ ರೊಟ್ಟಿ ಬಡಿಯಬೇಕು, ನೀರು ತುಂಬಬೇಕು, ಪ್ಯಾಟಿಗೆ ಹೋಗಿಬರಬೇಕು, ಹೊತ್ತು ಮುಳುಗುವ ತನಕ ಬಿಚ್ಚಬಾರದು. ಮರುದಿನ ಒಗೆದು ಒಣಗಿಸಿ ಮಡಚಿದ ಮೇಲೆ ಅದು ವ್ಯಾಪಾರಿಗೆ. ದೇವಿಯ ಅಪ್ಪಣೆ ಎಂದು ಅಜ್ಜಿ ಹೇಳುತ್ತಿದ್ದಳು. ಬಣ್ಣ ಬಿಡುತ್ತದೋ, ಅಂಚು ಮುದುಡುತ್ತದೋ ನೋಡಲು ಯಾರೋ ಹಿಂದಿನವರು ಮಾಡಿದ ಉಪಾಯ ಎಂದು ನಾನು ಹೇಳುತ್ತೇನೆ. ಅಂತೂ ಮದುವೆಯಾಗಿ ಬಂದಾಗಿನಿಂದ ಅಪ್ಪನ ಪ್ರತಿಯೊಂದು ಮೊದಲ ಸೀರೆಯನ್ನೂ ಉಟ್ಟವಳು ಅವ್ವ. ಇಟ್ಟುಕೊಂಡದ್ದು ಒಂದೂ ಇಲ್ಲ. ಅವಳ ಟ್ರಂಕು ತೆರೆದರೆ ಸಂತೆಯಲ್ಲಿ ಕೊಂಡ ಮಿರಿಮಿರಿ ಮಿಂಚುವ ಪಾಲಿಯೆಸ್ಟರ್ ಸೀರೆಗಳು. ಇದನ್ನು ನೆನೆದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಅವ್ವನಿಗೆ ಬರುತ್ತಿರಲಿಲ್ಲ, ಅಥವಾ ಬಂದರೂ ನಮಗೆ ತೋರಿಸುತ್ತಿರಲಿಲ್ಲ.

ಇಂಥ ಮನೆಗೆ ಕಬಡ್ಡಿ ತಂಡ ಬಂದದ್ದು ನನ್ನಿಂದಲೇ. ನನ್ನ ಜೊತೆ ದೈಹಿಕ ಶಿಕ್ಷಣದ ಕಾಲೇಜಿನಲ್ಲಿ ಓದಿದವನೊಬ್ಬ, ಜಮಖಂಡಿಯವನು, ಈಗ ದೂರದ ದೊಡ್ಡ ಊರಿನ ಕಬಡ್ಡಿ ತಂಡವೊಂದಕ್ಕೆ ಮ್ಯಾನೇಜರ್. ಟಿವಿಯಲ್ಲಿ ಬರುವಂಥ ತಂಡ. ಆ ವರ್ಷ ಎಲ್ಲ ತಂಡಗಳಿಗೂ ದೇಸಿ ಕಲೆಯ ಹುಚ್ಚು ಹಿಡಿದಿತ್ತಂತೆ. ಒಂದು ತಂಡ ಬುಡಕಟ್ಟಿನ ಚಿತ್ತಾರದ ಅಂಗಿ ಹಾಕಿತ್ತು, ಇನ್ನೊಂದು ಬೊಂಬೆಯ ಬಣ್ಣ ಬಳಿದುಕೊಂಡಿತ್ತು. ಇವನ ತಂಡಕ್ಕೆ ಇನ್ನೂ ಯಾವ ಕಲೆಯೂ ಸಿಕ್ಕಿರಲಿಲ್ಲ. ಫೋನಿನಲ್ಲಿ ಅಳುವುದೊಂದು ಬಾಕಿ. ನಮ್ಮಪ್ಪ ಇದ್ದಾನಲ್ಲ ಎಂದು ನಾನು ಜಂಬ ಕೊಚ್ಚಿಕೊಂಡೆ. ವಾರದೊಳಗೆ ಅವನ ಕಾರು ನಮ್ಮ ಓಣಿಯ ಮೂಲೆಯಲ್ಲಿ ಸಿಕ್ಕಿಹಾಕಿಕೊಂಡು ನಿಂತಿತ್ತು.

ಊರು ಬಿಟ್ಟು ಹೋದ ಮೇಲೆ ಅವನು ಗ್ರಂಥದ ಕನ್ನಡ ಕಲಿತಿದ್ದ. ಮಗ್ಗದ ಮುಂದೆ ಕೂತು ಒಂದು ಹಳೆಯ ಅಂಚಿನ ತುಂಡನ್ನು ಎತ್ತಿ ಹಿಡಿದು, "ಈ ಮೂರು ಕೆಂಪು ಗೆರೆಗಳ ಹಿಂದಿನ ಕಥೆ ಏನು?" ಎಂದು ಕೇಳಿದ.

"ಕಥಿ ಎಲ್ಲಿದರಿ," ಅಂದ ಅಪ್ಪ. "ಮೂರು ಎಳಿಗಿ ಸಾಲೂವಷ್ಟು ಕೆಂಪು ನೂಲು ಉಳದಿತ್ತು. ಹಾಕಿಬಿಟ್ಟೆ."

ಅವನು ತಲೆದೂಗುತ್ತ ಏನೋ ಬರೆದುಕೊಂಡ. ನಾನು ಇಣುಕಿ ನೋಡಿದೆ. ‘ಪ್ರಕೃತಿಯಿಂದ ಬೇಕಾದಷ್ಟೇ ಪಡೆಯುವ ಪ್ರಾಚೀನ ವಿವೇಕ’ ಎಂದಿತ್ತು.

"ಮತ್ತೆ ಈ ಮೆಟ್ಟಿಲಿನ ಆಕಾರ?"

"ಅದು ತಪ್ಪಾಗಿದ್ದರಿ. ಡಿಸೈನಿನ ರಟ್ಟಿಗಿ ತೂತು ಹೊಡಿಯೂ ಮುಂದ ಒಂದು ಸಾಲು ಸರದಬಿಡ್ತು. ಮಂದಿಗಿ ಛಲೋ ಕಂಡಿತು. ಹಂಗ ಬಿಟ್ಟೆ."

ಇದಕ್ಕೆ ಅವನು ಏನು ಬರೆದುಕೊಂಡ ಎಂದು ನಾನು ನೋಡಲು ಹೋಗಲಿಲ್ಲ.

ಅವನಿಗೆ ಬೇಕಾಗಿದ್ದದ್ದು ನಾಯಿ. ಮುಧೋಳದ ಬೇಟೆನಾಯಿಗೆ ಹೆಸರಿದೆ, ತಂಡದ ಹುಡುಗರೂ ಹಾಗೇ ಓಡಬೇಕು, ಅಂಗಿಯ ಅಂಚಿನ ತುಂಬ ನಾಯಿ ಓಡುತ್ತಿರಬೇಕು ಎಂದ. ಅಪ್ಪ ಜೀವಮಾನದಲ್ಲಿ ಹಂಸ ನೇಯ್ದಿದ್ದ, ನವಿಲು ನೇಯ್ದಿದ್ದ, ಆನೆಯನ್ನೂ ನೇಯ್ದಿದ್ದ. ನಾಯಿ ನೇಯ್ದಿರಲಿಲ್ಲ. ಮುಂದಿನ ಭಾನುವಾರ ಅಪ್ಪನನ್ನು ಬಸ್ಸಿಗೆ ಹತ್ತಿಸಿಕೊಂಡು ಮುಧೋಳದ ಹತ್ತಿರ ನಾಯಿ ಸಾಕುವವರೊಬ್ಬರ ಹೊಲಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಒಂದು ಕಂದು ಬಣ್ಣದ ನಾಯಿ ನಮ್ಮಿಬ್ಬರನ್ನೂ ಲೆಕ್ಕಕ್ಕೇ ಹಿಡಿಯದೆ ಕಬ್ಬಿನ ಕಡೆ ಮುಖ ಮಾಡಿ ನಿಂತಿತ್ತು. ಅಪ್ಪ ಬಹಳ ಹೊತ್ತು ನೋಡಿ, ಹತ್ತಿರ ಹೋಗಿ, ಅದರ ಎದೆಯನ್ನೂ ಆಮೇಲೆ ನಡುವನ್ನೂ ಗೇಣಿನಿಂದ ಅಳೆದ. ನಾಯಿ ಸುಮ್ಮನಿತ್ತು. ಅಪ್ಪನ ಮುಖ ಮಾತ್ರ ಬಾಡಿಹೋಯಿತು.

"ಇದಕ ನಡಾನ ಇಲ್ಲಲ್ಲವಾ," ಅಂದ.

ಅವನ ಕಷ್ಟ ಇಷ್ಟು. ಅಂಚಿನ ಅಗಲ ಮೂರು ಬೆರಳು. ಅಷ್ಟರಲ್ಲಿ ಇಡೀ ನಾಯಿ ಕೂರಬೇಕು. ಎದೆಗೆ ತಕ್ಕ ಹಾಗೆ ಲೆಕ್ಕ ಹಾಕಿದರೆ ನಡುವಿನ ಪಾಲಿಗೆ ಬರುವುದು ಅರ್ಧ ಚೌಕ. ಅರ್ಧ ಚೌಕ ಎಂಬುದು ಮಗ್ಗದಲ್ಲಿ ಇಲ್ಲ. ಎಳೆ ಒಂದೋ ಮೇಲೇಳುತ್ತದೆ, ಇಲ್ಲವೋ ಏಳುವುದಿಲ್ಲ. ಒಂದು ಚೌಕ ಕೊಟ್ಟರೆ ನಾಯಿ ಹೋಗಿ ಆಡಾಗುತ್ತಿತ್ತು. ಕೊಡದಿದ್ದರೆ ಎರಡು ತುಂಡಾಗುತ್ತಿತ್ತು. ಎಂಟು ದಿನ ಹಾಳೆಯ ಮೇಲೆ ಅಳಿಸಿ ಬರೆದು, ಬರೆದು ಅಳಿಸಿ, ಆಡು ಮಾಡಿದರೆ ಮುಧೋಳದವರು ಬೈತಾರೆ ಎಂದು ತುಂಡು ನಾಯಿಯನ್ನೇ ಆರಿಸಿದ. ಮುಂದೆ ಒಂದು ತಲೆ, ಎದೆ, ಎರಡು ಕಾಲು. ನಡುವೆ ಖಾಲಿ. ಹಿಂದೆ ಎರಡು ಕಾಲು, ಬಾಲ.

ಹಾಳೆಯ ಫೋಟೋ ತೆಗೆದು ಮ್ಯಾನೇಜರಿಗೆ ಕಳಿಸಿದೆ. ಹತ್ತೇ ನಿಮಿಷದಲ್ಲಿ ಅವನ ಫೋನು ಬಂತು. "ಮುಂದಿನ ಅರ್ಧ ದಾಳಿ, ಹಿಂದಿನ ಅರ್ಧ ರಕ್ಷಣೆ. ನಡುವಿನ ಖಾಲಿ ಜಾಗ ಅಂದರೆ ಅಂಕಣದ ಮಧ್ಯದ ಗೆರೆ. ಕಬಡ್ಡಿಯನ್ನು ಇಷ್ಟು ಆಳವಾಗಿ ಯಾರೂ ನೋಡಿಲ್ಲ," ಎಂದ. ನಾನು ಅಪ್ಪನಿಗೆ ಹೇಳಿದೆ. ಅಪ್ಪ ನನ್ನ ಹಣೆ ಮುಟ್ಟಿ ನೋಡಿದ.

ಇನ್ನು ಬಟ್ಟೆ. ಮೊದಲ ಮಾದರಿಗೆ ಏಳು ಅಂಗಿಯಷ್ಟು ಬಟ್ಟೆ ಬೇಕು, ಹೊಲಿಸುವುದು ತಂಡದ ಜವಾಬ್ದಾರಿ ಎಂದು ಮ್ಯಾನೇಜರ್ ಹೇಳಿದ್ದ. ಅಪ್ಪನಿಗೆ ಬಟ್ಟೆ ಎಂದರೆ ಒಂದೇ: ಮೈ, ಅಂಚು, ಸೆರಗು. ಅವನು ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡು ಅಳೆದು ನೋಡಿದ. ಸೀರೆಯ ಅಗಲದಲ್ಲಿ ಒಂದು ಅಂಗಿಯ ಮುಂಭಾಗ ಹಿಂಭಾಗ ಎರಡೂ ಅಕ್ಕಪಕ್ಕ ಬರುತ್ತವೆ. ಉದ್ದದಲ್ಲಿ ಏಳು ಅಂಗಿ ಸಾಲಾಗಿ ಬರುತ್ತವೆ. ಉಳಿದ ಸೆರಗಿನಲ್ಲಿ ತೋಳು. ಸೀರೆ ಹುಟ್ಟಿದಾಗಿನಿಂದ ಕಬಡ್ಡಿಗಾಗಿಯೇ ಕಾಯುತ್ತಿತ್ತೇನೋ ಎನ್ನುವಷ್ಟು ಸರಿಹೋಯಿತು. ಒಂದರಿಂದ ಏಳರ ತನಕ ಅಂಕಿಗಳನ್ನು ಹಳದಿ ರೇಷ್ಮೆಯಲ್ಲಿ ನೇಯ್ದ. ಸೆರಗಿನ ತುಂಬ ತಂಡದ ಲಾಂಛನ, ಅಂಚಿನ ಉದ್ದಕ್ಕೂ ಅರ್ಧರ್ಧ ನಾಯಿ.

ಸೀರೆ ಮಗ್ಗದಿಂದ ಇಳಿದ ಸಂಜೆ ಅವ್ವ ಅದನ್ನು ತೊಡೆಯ ಮೇಲೆ ಹಾಕಿಕೊಂಡು ಸುಮಾರು ಹೊತ್ತು ಕೂತಳು. ನಿಜ ಹೇಳುತ್ತೇನೆ, ಬಣ್ಣ ಚೆನ್ನಾಗಿತ್ತು. ಮಾಗಿದ ನೇರಳೆಯ ಮೈ, ಹಳದಿಯ ಅಂಚು. ಅಂಥ ನೇರಳೆ ಬಣ್ಣ ಅಪ್ಪನಿಗೆ ಅದಕ್ಕೆ ಮೊದಲೂ ಬಂದಿರಲಿಲ್ಲ, ಆಮೇಲೂ ಬಂದಿಲ್ಲ.

"ಈ ಸಲದ್ದು ನಾ ಕೊಡಂಗಿಲ್ಲ," ಅಂದಳು ಅವ್ವ.

ಅಪ್ಪ ತಲೆ ಎತ್ತಲಿಲ್ಲ. "ಆರ್ಡರಿನ ಮಾಲು ಅದು."

"ಎಲ್ಲಾನೂ ಆರ್ಡರಿನವ ಇದ್ದವು. ಇದೊಂದು ನನಗ ಇರಲಿ. ಅವರು ಕೇಳಾಕ ಬರಲಿ, ನಾನೇ ಹೇಳ್ತೀನಿ."

ಅಪ್ಪ ಲಾಳಿ ಎತ್ತಿಕೊಂಡು ಅದರ ತುದಿ ಚೂಪಾಗಿದೆಯೋ ಇಲ್ಲವೋ ನೋಡತೊಡಗಿದ. ಮಾತು ಬೇಡವಾದಾಗ ಅವನು ಮಾಡುವುದೇ ಹೀಗೆ. ನನಗೆ ಆ ಲಾಳಿ ಕಸಿದು ಬೀದಿಗೆ ಒಗೆಯಬೇಕು ಅನ್ನಿಸಿತು. ಹೆಂಡತಿ ಇಷ್ಟು ವರ್ಷದಲ್ಲಿ ಒಂದೇ ಒಂದು ಕೇಳಿದ್ದಾಳೆ, ಇವನು ಲಾಳಿ ನೋಡುತ್ತಾನೆ.

ಮರುದಿನ ಬುಧವಾರ. ಅವ್ವ ತಲೆಗೆ ನೀರು ಹಾಕಿಕೊಂಡು ಸೀರೆ ಉಟ್ಟಳು. ಒಂದನೇ ನಂಬರಿನವನು ಒಳಗೆ ಸೊಂಟಕ್ಕೆ ಸಿಕ್ಕಿಸಿಕೊಂಡು ಮಾಯವಾದ. ಎರಡನೆಯವನು ಬೆನ್ನಿಗೆ ಹೋದ. ಮೂರು, ನಾಲ್ಕು, ಐದು ನಿರಿಗೆಯಲ್ಲಿ ಸೇರಿದರು. ಆರನೆಯವನು ಪಕ್ಕೆ ಸುತ್ತಿ ಬಂದ. ಏಳನೆಯವನು ಎದೆಯ ಮೇಲಿಂದ ಹಾದು ಹೆಗಲೇರಿದ, ಅಲ್ಲಿ ಅವ್ವ ಒಂದು ದೊಡ್ಡ ಪಿನ್ನು ಚುಚ್ಚಿದಳು. ಅಂಗಿಗೆಂದು ನೇಯ್ದ ಅಂಕಿಗಳಾದ್ದರಿಂದ ಎಲ್ಲವೂ ಅಡ್ಡ ಮಲಗಿದ್ದವು. ಶಾಲೆಗೆ ರಜೆ ಇತ್ತು. ನಾನು ಜೋಳದ ಡಬ್ಬಿ ಹಿಡಿದು ಹಿಂದೆ ಹಿಂದೆ ಹೋದೆ.

ಗಿರಣಿಯಲ್ಲಿ ಸಾಲು ಇತ್ತು. ಸಾಲಿನಲ್ಲಿದ್ದ ಮುದುಕಿಯೊಬ್ಬಳು ಅವ್ವನನ್ನು ಮೇಲಿಂದ ಕೆಳಗೆ ನೋಡಿ, "ಎಲೆಕ್ಷನ್ನು ಯಾವಾಗ ಬಂತಬೇ?" ಎಂದು ಕೇಳಿದಳು.

"ಎಲೆಕ್ಷನ್ ಅಲ್ಲವ್ವಾ, ಆಟದ್ದು," ಅಂದಳು ಅವ್ವ.

"ಚಿಹ್ನೆ ಐತಲ್ಲ. ನಂಬರೂ ಐತಿ." ಮುದುಕಿ ಅಂಚನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದಳು. "ನಾಯಿ ಚಿಹ್ನೆ. ಪಾಪ, ಇದಕ ಏನಾಗೇತಿ?"

"ರೈಲಿಗಿ ಸಿಕ್ಕಿರಬೇಕು," ಅಂದ ಗಿರಣಿಯವನು. "ವೋಟು ಯಾವ ನಂಬರಿಗಿ ಹಾಕಬೇಕ್ರಿ ಅಕ್ಕಾರ?"

ಅವ್ವ ಎದೆಯ ಮೇಲೆ ನೋಡಿಕೊಂಡಳು. "ಏಳಕ್ಕ ಹಾಕ್ರಿ," ಅಂದಳು. ಅಷ್ಟು ಗಂಭೀರವಾಗಿ ಹೇಳಿದಳೆಂದರೆ ಗಿರಣಿಯವನು ನಮ್ಮ ಜೋಳವನ್ನು ಎಲ್ಲರಿಗಿಂತ ಮೊದಲು ಬೀಸಿಕೊಟ್ಟ. ದಾರಿಯಲ್ಲಿ ಇನ್ನೂ ನಾಲ್ಕಾರು ಜನ ಸರಕಾರಿ ಮನೆಯ ಚೀಟಿ ಇನ್ನೂ ಬಂದಿಲ್ಲ, ನಳದ ನೀರಿನದು ಏನಾತು ಎಂದು ಅವ್ವನನ್ನು ತಡೆದು ಕೇಳಿದರು. ಅವ್ವ ಎಲ್ಲರಿಗೂ ನೋಡೋಣ ಅಂದಳು.

ಮನೆಗೆ ಬಂದರೆ ಕಾರು ನಿಂತಿತ್ತು. ಮ್ಯಾನೇಜರ್ ಬಿಸಿಲಿಗೆ ಕೆಂಪಾಗಿ ಕಟ್ಟೆಯ ಮೇಲೆ ಕೂತಿದ್ದ. ಬಟ್ಟೆಯನ್ನು ಅವತ್ತೇ ಒಯ್ಯಬೇಕಾಗಿತ್ತಂತೆ. ಸೀರೆ ನೋಡಿ ಎದ್ದು ನಿಂತ, ಮತ್ತೆ ಕೂತ. ಬಿಚ್ಚಿಕೊಡಿ ಎಂದು ಹೇಳಲು ಅವನಿಗೆ ಧೈರ್ಯ ಬರಲಿಲ್ಲ, ಹೇಳಿದ್ದರೂ ಪ್ರಯೋಜನವಿರಲಿಲ್ಲ. ಹೊತ್ತು ಮುಳುಗುವುದು ಇನ್ನೂ ದೂರವಿತ್ತು, ಅವನು ಅಷ್ಟರೊಳಗೆ ಹೊರಡಲೇಬೇಕಿತ್ತು. ಡಿಸೈನಿನ ಫೋಟೋ ತೆಗೆದುಕೊಂಡು ಹೋಗುತ್ತೇನೆ, ಬಟ್ಟೆಗೆ ಆಮೇಲೆ ಬರುತ್ತೇನೆ ಎಂದ. ಅವ್ವನನ್ನು ಅಂಗಳದಲ್ಲಿ ನಿಲ್ಲಿಸಿ ಸುತ್ತಲೂ ತಿರುಗಿ ಫೋಟೋ ಹೊಡೆದ. ಅವ್ವ ಒಂದು ಸುತ್ತು ತಿರುಗಿದಳು, ನಿರಿಗೆ ಅಗಲಿಸಿದಳು, ಸೆರಗು ಚಾಚಿದಳು. ನಡುವೆ ಒಲೆಯ ಮೇಲಿನ ಹಾಲು ಉಕ್ಕಿತೆಂದು ಒಮ್ಮೆ ಓಡಿದಳು. ಅದನ್ನೂ ಅವನು ಹೊಡೆದುಕೊಂಡ.

ಮರುದಿನ ಸೀರೆ ಒಗೆದಾಯಿತು. ಬಣ್ಣ ಒಂದು ಚೂರೂ ಬಿಡಲಿಲ್ಲ. ಅವ್ವ ಅದನ್ನು ಮಡಚಿ ಟ್ರಂಕಿನಲ್ಲಿಟ್ಟು ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ ಶುರುವಾಯಿತು ಅವಳ ತಯಾರಿ. ಮ್ಯಾನೇಜರ್ ಬಂದು ಕೇಳಿದಾಗ ಏನು ಹೇಳಬೇಕು ಎಂಬುದನ್ನು ರೊಟ್ಟಿ ಬಡಿಯುತ್ತ ಅಭ್ಯಾಸ ಮಾಡುತ್ತಿದ್ದಳು. "ನೋಡ್ರಿ ಸಾಹೇಬರ," ಒಂದು ಬಡಿತ. "ಇಷ್ಟು ವರ್ಷ ಎಲ್ಲಾ ಕೊಟ್ಟೀನಿ," ಇನ್ನೊಂದು ಬಡಿತ. "ಇದನ್ನ ಮಾತ್ರ ಕೊಡಂಗಿಲ್ಲ." ರೊಟ್ಟಿ ಹಂಚಿಗೆ. ಆ ದಿನಗಳಲ್ಲಿ ನಮ್ಮ ಮನೆಯ ರೊಟ್ಟಿ ಕಾಗದದಷ್ಟು ತೆಳ್ಳಗಾದವು. ಅಪ್ಪ ಒಂದರ ಬದಲು ಎರಡು ತಿನ್ನುತ್ತಿದ್ದ.

ತಿಂಗಳಾಯಿತು, ಎರಡಾಯಿತು. ಯಾರೂ ಬರಲಿಲ್ಲ. ಒಂದು ಸಂಜೆ ಟಿವಿಯಲ್ಲಿ ತಂಡದ ಮೊದಲ ಪಂದ್ಯ. ಮೂವರೂ ಕೂತೆವು. ಹುಡುಗರು ಅಂಕಣಕ್ಕೆ ಓಡಿಬಂದರು. ನೇರಳೆ ಅಂಗಿ, ಹಳದಿ ಅಂಕಿ, ತುಂಡು ನಾಯಿ, ಎಲ್ಲ ಇತ್ತು. ಆದರೆ ನೇಯ್ದ ಬಟ್ಟೆಯಲ್ಲ. ಮೈಗೆ ಅಂಟುವ ಜಾಳಿಗೆ ಬಟ್ಟೆಯ ಮೇಲೆ ಅಚ್ಚು ಹೊಡೆದದ್ದು. ಅಚ್ಚು ಹೊಡೆದದ್ದು ಅಂಗಳದಲ್ಲಿ ತೆಗೆದ ಆ ಫೋಟೋಗಳಿಂದಲೇ.

"ನಿರಿಗಿ ಯಾಕ ಬಂದಾವು?" ಅಂದ ಅಪ್ಪ.

ನಿಜ. ಏಳೂ ಹುಡುಗರ ಎದೆಯ ಮೇಲೆ ಅವ್ವನ ನಿರಿಗೆ ಅಚ್ಚಾಗಿತ್ತು, ನೆರಳಿನ ಸಮೇತ. ನಾಲ್ಕನೆಯವನ ಅಂಕಿಯನ್ನು ಅರ್ಧ ನಿರಿಗೆ ನುಂಗಿತ್ತು. ಆರನೆಯವನ ಪಕ್ಕೆಯಲ್ಲಿ ಎರಡು ಹಸಿರು ಬಳೆ ಇದ್ದವು. ವಿವರಣೆ ಕೊಡುವವನು ಈ ಅಲೆಗಳು ಕೃಷ್ಣಾ ನದಿಯ ಸಂಕೇತ ಎಂದು ಹೇಳಿದ. ಅಷ್ಟರಲ್ಲಿ ಏಳನೆಯವನು ದಾಳಿಗೆ ಹೊರಟ. ಹೊರಡುವ ಮುಂಚೆ ಎಡ ಹೆಗಲ ಮೇಲೆ ಅಚ್ಚಾಗಿದ್ದ ಹೊಳೆಯುವ ಗುರುತನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡ.

"ಅದು ನನ್ನ ಪಿನ್ನ," ಅಂದಳು ಅವ್ವ.

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಪ್ಪನೂ ನಕ್ಕ. ಅವ್ವ ನಗಲಿಲ್ಲ. ಪಂದ್ಯ ಮುಗಿಯುವ ಮೊದಲೇ ಎದ್ದು ಒಳಗೆ ಹೋದಳು.

ಮರುದಿನ ಮ್ಯಾನೇಜರಿಗೆ ಫೋನ್ ಮಾಡಿ ಬಟ್ಟೆಯ ವಿಷಯ ಕೇಳಿದೆ. ಕೈಮಗ್ಗದ ಬಟ್ಟೆ ಬೆವರಿಗೆ ಭಾರವಾಗುತ್ತದೆ, ಹುಡುಗರು ಒಲ್ಲೆ ಅಂದರು, ಫೋಟೋ ಇದೆಯಲ್ಲ, ಬಟ್ಟೆ ಇನ್ನು ಬೇಡ ಎಂದ. ಅವ್ವನಿಗೆ ಓಡಿಹೋಗಿ ಹೇಳಿದೆ: ಸೀರೆ ನಿನಗೇ ಉಳಿಯಿತು. ಅವಳು ಕುಣಿಯುತ್ತಾಳೆ ಎಂದುಕೊಂಡಿದ್ದೆ. ಅವಳು ಸೊಂಟದ ಕೀಲಿ ತೆಗೆದು ಗೋಡೆಯ ಗೂಡಿನಲ್ಲಿಟ್ಟಳು.

"ಯಾರಿಗೂ ಬ್ಯಾಡಾತು ಅಂತ ನನಗ ಬಂತು," ಅಂದಳು. "ಹಂಗ ಬೇಕಿರಲಿಲ್ಲ ನನಗ."

ಅವತ್ತಿನಿಂದ ರೊಟ್ಟಿ ಮತ್ತೆ ದಪ್ಪಗಾದವು. ಸೀರೆ ಟ್ರಂಕಿನಲ್ಲೇ ಇತ್ತು, ಅವಳು ಅದನ್ನು ಮುಟ್ಟಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಬರೀ ಬಟ್ಟೆಯಲ್ಲ ಎಂದು ನನ್ನ ಮೊಂಡು ತಲೆಗೆ ಹೊಳೆಯಲು ಹದಿನೈದು ದಿನ ಹಿಡಿಯಿತು. ಯಾರಾದರೂ ಬೇಕು ಎಂದು ಬರಬೇಕು, ಅವಳು ನನ್ನದು ಎನ್ನಬೇಕು. ಈ ಮನೆಯಲ್ಲಿ ಅವಳು ಒಮ್ಮೆಯೂ ಹಾಗೆ ಅಂದಿರಲಿಲ್ಲ.

ಮತ್ತೆ ಮ್ಯಾನೇಜರಿಗೆ ಫೋನ್ ಮಾಡಿದೆ. ಬಂದು ಸೀರೆ ಕೇಳು ಎಂದೆ. ಬೇಡವಲ್ಲ ಎಂದ. ಬೇಡವಾದರೂ ಕೇಳು, ಅವ್ವ ಕೊಡುವುದಿಲ್ಲ, ನೀನು ವಾಪಸು ಹೋಗು, ಅಷ್ಟೇ ಎಂದೆ. ಅವನಿಗೆ ಅರ್ಥವಾಗಲಿಲ್ಲ. ಕಾಲೇಜಿನಲ್ಲಿ ಹೆಣ್ಣುಮಕ್ಕಳ ತಂಡದ ಜೊತೆ ಆಡಿದ ಪಂದ್ಯದಲ್ಲಿ ಅವನನ್ನು ಕಾಲು ಹಿಡಿದು ಕೆಡವಿದವಳು ನಾನು ಎಂಬುದನ್ನು ಅವನ ತಂಡದ ಹುಡುಗರಿಗೆ ಹೇಳಬೇಕಾಗುತ್ತದೆ ಎಂದೆ. ಮುಂದಿನ ಭಾನುವಾರ ಜಮಖಂಡಿಯ ತನ್ನ ಮನೆಗೆ ಬಂದವನು ನಮ್ಮಲ್ಲಿಗೂ ಬಂದ.

ಅಪ್ಪ ಮಗ್ಗದ ಮೇಲಿದ್ದ. ಅವ್ವ ಅಕ್ಕಿ ಆರಿಸುತ್ತಿದ್ದಳು. ಅವನು ಹೊಸ್ತಿಲಲ್ಲೇ ನಿಂತು ನಾಟಕದವರ ಹಾಗೆ ಎದೆಯ ಮೇಲೆ ಕೈಯಿಟ್ಟುಕೊಂಡು ಶುರುಮಾಡಿದ. ಇಲ್ಲಿಗೆ ಬಂದ ಮೇಲೆ ಗ್ರಂಥದ ಕನ್ನಡ ಬಿಟ್ಟುಹೋಗಿತ್ತು. "ಅವ್ವಾರ, ಆ ಸೀರಿ ಕೊಡಬೇಕ್ರಿ. ನಮ್ಮ ತಂಡದ ಜೀವಾನ ಅದರಾಗ ಐತಿ. ಅದಿಲ್ಲದ ಸೋಲಾಕತ್ತೀವಿ. ಗಾಜಿನ ಪೆಟಿಗ್ಯಾಗ ಇಟ್ಟು ದಿನಾ ಪೂಜಿ ಮಾಡ್ತೀವಿ."

ಪೂಜೆಯ ಮಾತನ್ನು ನಾನು ಹೇಳಿಕೊಟ್ಟಿರಲಿಲ್ಲ.

ಅವ್ವನ ಬೆನ್ನು ನೆಟ್ಟಗಾಯಿತು. ಮೊರ ಪಕ್ಕಕ್ಕಿಟ್ಟಳು. "ನೋಡ್ರಿ ಸಾಹೇಬರ," ಅಂದಳು.

ಆಗ ಮಗ್ಗ ನಿಂತಿತು. ಅಪ್ಪ ಮಗ್ಗದ ಕೆಳಗಿನ ಕುಣಿಯಿಂದ ಕಾಲೆತ್ತಿ ಹೊರಗೆ ಬಂದ. ಲಾಳಿ ಬಿಟ್ಟು ಬರಿಗೈಯಲ್ಲಿ ಬಂದ.

"ಅದು ಸಿಗಂಗಿಲ್ಲರಿ," ಅಂದ. "ಅದು ಆಕಿದು. ಇದೊಂದ ಅಲ್ಲ, ಮೊದಲಿನವೂ ಎಲ್ಲಾ ಆಕಿವ ಇದ್ದವು. ನಾನು ಆಕಿನ್ನ ಕೇಳದ ಕೊಡಕೋತ ಬಂದೆ. ತಪ್ಪು ನಂದು."

ಅವನು ಇಷ್ಟು ಮಾತನ್ನು ಒಟ್ಟಿಗೆ ಆಡಿದ್ದನ್ನು ನಾನು ಕೇಳಿರಲಿಲ್ಲ. ನನಗೆ ಸಂಕಟವೂ ಆಯಿತು, ಸಿಟ್ಟೂ ಬಂತು. ಎರಡು ತಿಂಗಳು ಅವಳು ಕಲಿತ ಮಾತನ್ನು ಅವನು ಕಸಿದುಕೊಂಡಿದ್ದ. ಅವ್ವ ಎದ್ದು ಒಳಗೆ ಹೋದಳು. ನಾಟಕ ಮುಗಿದದ್ದು ಮ್ಯಾನೇಜರಿಗೆ ತಿಳಿಯಲಿಲ್ಲ. ಎಲ್ಲಿಗೆ ನಿಲ್ಲಿಸಬೇಕೆಂದು ನಾನು ಹೇಳಿರಲಿಲ್ಲ. "ಹಂಗ ಅನಬ್ಯಾಡ್ರಿ, ಏಳು ಮಂದಿ ಹುಡುಗರ ಬಾಳು," ಎಂದು ಅಪ್ಪನ ಕೈ ಹಿಡಿದುಕೊಂಡು ಅಲವತ್ತುಕೊಳ್ಳುತ್ತಲೇ ಇದ್ದ.

ನಾನು ಅಡುಗೆಮನೆಗೆ ಹೋದೆ. ಅವ್ವ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಮತ್ತೆ ತುಂಬಿತು, ಮತ್ತೆ ಒರೆಸಿಕೊಂಡಳು.

"ಇನ್ನೊಮ್ಮೆ ಕೇಳಾಕ ಹೇಳ ಅವರಿಗೆ," ಅಂದಳು.

"ಯಾಕವಾ?"

"ನಿಮ್ಮಪ್ಪ ಏನಂದ್ನೋ, ಮಗ್ಗದ ಸಪ್ಪಳದಾಗ ನನಗ ಸರಿಯಾಗಿ ಕೇಳಿಸಲಿಲ್ಲ."

ಅಪ್ಪ ಮಾತಾಡುವ ಮೊದಲೇ ಮಗ್ಗ ನಿಂತಿತ್ತು. ನಾನು ಹೊರಗೆ ಹೋಗಿ ಇನ್ನೊಮ್ಮೆ ಕೇಳು ಎಂದು ಮ್ಯಾನೇಜರಿಗೆ ಹೇಳಿದೆ.